ಪಂಪು ಓಡುತ್ತದೆ, ನೀರು ಉಗುಳುತ್ತ ಬರುತ್ತದೆ: ಹಳೆಯ ಕ್ಯಾಂಪರ್ ವ್ಯಾನಿನಲ್ಲಿ ದೋಷ ಹುಡುಕುವುದು ಹೇಗೆ?

ಪ್ರಶ್ನೆ: ನಾವು ದಕ್ಷಿಣ ಜರ್ಮನಿಯಲ್ಲಿದ್ದೇವೆ. ಕಳೆದ ವರ್ಷ 1992ರ ಫಿಯೆಟ್ ಡುಕಾಟೊ ಕ್ಯಾಂಪರ್ ವ್ಯಾನೊಂದನ್ನು (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ ವ್ಯಾನು) ಸೆಕೆಂಡ್ ಹ್ಯಾಂಡ್ ಕೊಂಡೆವು. ಚಳಿಗಾಲ ಪೂರ್ತಿ ಅದು ಹೊರಗೇ ನಿಂತಿತ್ತು, ನೀರಿನ ಟ್ಯಾಂಕನ್ನು ಮಾತ್ರ ಖಾಲಿ ಮಾಡಿದ್ದೆವು. ಏಪ್ರಿಲ್‌ನಲ್ಲಿ ನೀರು ತುಂಬಿಸಿ ನಲ್ಲಿ ತಿರುಗಿಸಿದರೆ ಸೀಟಿನ ಕೆಳಗಿರುವ ಪಂಪು ಜೋರಾಗಿ ಓಡುತ್ತದೆ. ಆದರೆ ನೀರು ಉಗುಳುತ್ತ ಉಗುಳುತ್ತ ಬರುತ್ತದೆ, ಒಮ್ಮೊಮ್ಮೆ ಬರುವುದೇ ಇಲ್ಲ. ಎಲ್ಲ ನಲ್ಲಿ ಮುಚ್ಚಿ ಮಲಗಿದ ಮೇಲೂ ರಾತ್ರಿ ಆಗಾಗ ಎರಡು ಸೆಕೆಂಡು ತಾನಾಗಿಯೇ ಸದ್ದು ಮಾಡುತ್ತದೆ. ವಿಚಾರಿಸಿದ ಕಡೆಯೆಲ್ಲ ಹೊಸ ಪಂಪು ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸಬೇಕೇ?

ಉತ್ತರ: ಈಗಲೇ ಬೇಡ. ನೀವು ಹೇಳಿದ ಎರಡು ಲಕ್ಷಣಗಳಲ್ಲಿ ಒಂದೂ ಮೋಟಾರು ಕೆಟ್ಟಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ. ನೀರು ಉಗುಳುತ್ತ ಬರುತ್ತಿದ್ದರೆ ಪಂಪು ನೀರಿನ ಜೊತೆ ಗಾಳಿಯನ್ನೂ ಎಳೆಯುತ್ತಿದೆ, ದೋಷ ಹೆಚ್ಚಾಗಿ ಟ್ಯಾಂಕಿಗೂ ಪಂಪಿಗೂ ನಡುವೆ ಇದೆ. ರಾತ್ರಿ ತಾನಾಗಿ ಓಡುತ್ತಿದ್ದರೆ ಪೈಪಿನಲ್ಲಿ ನಿಂತಿದ್ದ ಒತ್ತಡ ಎಲ್ಲೋ ಇಳಿಯುತ್ತಿದೆ, ದೋಷ ಪಂಪಿನಿಂದ ಮುಂದಕ್ಕೆ ಇದೆ ಅಥವಾ ಪಂಪಿನೊಳಗಿನ ವಾಲ್ವಿನಲ್ಲಿದೆ. ಎರಡಕ್ಕೂ ಬಲವಾದ ಅನುಮಾನ ಹೋಗುವುದು ಚಳಿಗಾಲದ ಮೇಲೆ. ನೀವು ಖಾಲಿ ಮಾಡಿದ್ದು ಟ್ಯಾಂಕನ್ನು ಮಾತ್ರ. ಫಿಲ್ಟರಿನ ಬಟ್ಟಲಲ್ಲಿ, ಪಂಪಿನ ತಲೆಯಲ್ಲಿ, ನಲ್ಲಿಯ ಒಳಗೆ, ಬಾಯ್ಲರಿನಲ್ಲಿ ನೀರು ನಿಂತೇ ಇತ್ತು. ನೀರು ಹೆಪ್ಪುಗಟ್ಟಿದಾಗ ಗಾತ್ರದಲ್ಲಿ ಸುಮಾರು 9 ಶೇಕಡಾ ಹಿಗ್ಗುತ್ತದೆ, ಪ್ಲಾಸ್ಟಿಕ್ ಭಾಗಗಳು ಅದನ್ನು ತಾಳುವುದಿಲ್ಲ. ಇದೇ ವ್ಯವಸ್ಥೆಗೆ ಹೊಸ ಪಂಪು ಹಾಕಿದರೆ ಅದೂ ಗಾಳಿಯನ್ನೇ ಎಳೆಯುತ್ತದೆ, ರಾತ್ರಿ ಅದೂ ಸದ್ದು ಮಾಡುತ್ತದೆ.

ಕೆಲಸ ಶುರು ಮಾಡುವ ಮುನ್ನ ಒಂದು ಎಚ್ಚರಿಕೆ. ವ್ಯಾನಿಗೆ ಹೊರಗಿನಿಂದ 230 ವೋಲ್ಟ್ ಕೊಡುವ ಕೇಬಲ್ ಸಿಕ್ಕಿಸಿದ್ದರೆ ಕಿತ್ತುಬಿಡಿ. ಪಂಪು ಓಡುವುದು 12 ವೋಲ್ಟಿನಲ್ಲೇ ಆದರೂ ಹಳೆಯ ವ್ಯಾನುಗಳಲ್ಲಿ ಚಾರ್ಜರ್ ಮತ್ತು ಫ್ಯೂಸುಗಳು ಒಂದೇ ಪೆಟ್ಟಿಗೆಯಲ್ಲಿರುವುದು ಸಾಮಾನ್ಯ. ಒದ್ದೆ ಕೈಯಲ್ಲಿ ಅದರೊಳಗೆ ಕೈ ಹಾಕುವುದು ಬೇಡ.

ನಿಮ್ಮದು ಯಾವ ಬಗೆಯ ಪಂಪು

ಯುರೋಪಿನ ಕ್ಯಾಂಪರುಗಳಲ್ಲಿ ಎರಡು ಬಗೆ ಇವೆ. ಒಂದು, ಟ್ಯಾಂಕಿನೊಳಗೇ ಮುಳುಗಿರುವ ಪುಟ್ಟ ಸಬ್‌ಮರ್ಸಿಬಲ್ ಪಂಪು. ಇದರ ಸ್ವಿಚ್ಚು ನಲ್ಲಿಯಲ್ಲೇ ಇರುತ್ತದೆ. ನಲ್ಲಿ ತಿರುಗಿಸಿದರೆ ಒಳಗೆ ಟಿಕ್ ಎಂದು ಮೈಕ್ರೋಸ್ವಿಚ್ ಕೂರುತ್ತದೆ, ಪಂಪು ಓಡುತ್ತದೆ. ಇನ್ನೊಂದು, ಟ್ಯಾಂಕಿನ ಹೊರಗೆ ಕೂರಿಸುವ ಡಯಾಫ್ರಾಂ ಪಂಪು, ಒಳಗಿನ ರಬ್ಬರ್ ಪದರ (ಡಯಾಫ್ರಾಂ) ಅಲುಗಿ ನೀರು ಎಳೆಯುವಂಥದ್ದು. ಇದಕ್ಕೆ ನಲ್ಲಿಯಿಂದ ವೈರ್ ಬರುವುದಿಲ್ಲ. ಪಂಪಿನ ತಲೆಯಲ್ಲೇ ಒಂದು ಪ್ರೆಶರ್ ಸ್ವಿಚ್ ಇದ್ದು, ಪೈಪಿನ ಒತ್ತಡ ಇಳಿದಾಗ ಪಂಪನ್ನು ಓಡಿಸಿ, ನಿಗದಿತ ಒತ್ತಡ ತುಂಬಿದಾಗ ನಿಲ್ಲಿಸುತ್ತದೆ. ಶುರ್‌ಫ್ಲೋ, ಫ್ಲೋಜೆಟ್, ಫಿಯಾಮ್ಮಾ ಹೆಸರಿನವು ಸಾಮಾನ್ಯವಾಗಿ ಕಾಣುವಂಥವು. ನಿಲ್ಲುವ ಒತ್ತಡ ಪಂಪಿನ ಲೇಬಲ್ಲಿನ ಮೇಲಿರುತ್ತದೆ, ಹೆಚ್ಚಿನವುಗಳಲ್ಲಿ 1.4 ಬಾರ್ ಅಥವಾ 2.1 ಬಾರ್. ಸೀಟಿನ ಕೆಳಗಿದೆ, ರಾತ್ರಿ ತಾನಾಗಿ ಓಡುತ್ತದೆ ಎಂದಿದ್ದೀರಿ. ಅಂದರೆ ನಿಮ್ಮದು ಡಯಾಫ್ರಾಂ ಪಂಪು.

ಮೊದಲು ತಣ್ಣೀರು, ಬಿಸಿನೀರು ಬೇರೆ ಮಾಡಿ ನೋಡಿ

ಇದಕ್ಕೆ ಯಾವ ಉಪಕರಣವೂ ಬೇಡ. ತಣ್ಣೀರಿನ ನಲ್ಲಿಯೊಂದನ್ನೇ ಪೂರ್ತಿ ತೆರೆದು ಎರಡು ನಿಮಿಷ ಬಿಡಿ, ಮುಚ್ಚಿ. ಆಮೇಲೆ ಬಿಸಿನೀರಿನದನ್ನು ತೆರೆಯಿರಿ. ತಣ್ಣೀರು ಸರಾಗವಾಗಿ ಬಂದು ಬಿಸಿನೀರು ಮಾತ್ರ ಉಗುಳುತ್ತಿದ್ದರೆ ಅದು ದೋಷವಲ್ಲ, ಬಾಯ್ಲರ್ ಇನ್ನೂ ತುಂಬಿಲ್ಲ, ಅಷ್ಟೆ. ಹತ್ತು ಲೀಟರಿನ ಬಾಯ್ಲರ್ ಖಾಲಿಯಿದ್ದರೆ ನಿಮಿಷಕ್ಕೆ 7 ಲೀಟರ್ ಎತ್ತುವ ಪಂಪಿಗೂ ಅದನ್ನು ತುಂಬಲು ಒಂದೂವರೆ ನಿಮಿಷ ಬೇಕು, ಅಲ್ಲಿಯವರೆಗೆ ನಲ್ಲಿಯಲ್ಲಿ ಬರುವುದು ಗಾಳಿಯೇ. ಚಳಿಗಾಲದ ನಂತರ ಮೊದಲ ಸಲ ನೀರು ತುಂಬಿಸಿದವರು ಎಷ್ಟೋ ಮಂದಿ ಇದನ್ನೇ ಪಂಪಿನ ರೋಗ ಎಂದುಕೊಳ್ಳುತ್ತಾರೆ.

ಬಾಯ್ಲರಿನ ಬಳಿ ಇದ್ದಾಗಲೇ ಅದರ ಫ್ರಾಸ್ಟ್ ವಾಲ್ವನ್ನೂ ನೋಡಿಬಿಡಿ. ಹೆಪ್ಪುಗಟ್ಟುವ ಮುನ್ನ ಬಾಯ್ಲರಿನ ನೀರನ್ನು ವ್ಯಾನಿನ ಅಡಿಗೆ ಸುರಿದುಬಿಡುವುದು ಇದರ ಕೆಲಸ. ಟ್ರೂಮಾ ಕಂಪನಿಯ ಫ್ರಾಸ್ಟ್‌ಕಂಟ್ರೋಲ್ ವಾಲ್ವ್ ಸುಮಾರು 3 ಡಿಗ್ರಿ ಸೆಲ್ಸಿಯಸ್‌ಗೆ ತಾನಾಗಿ ತೆರೆದುಕೊಳ್ಳುತ್ತದೆ, ಆದರೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ವಾಲ್ವಿನ ಸುತ್ತಲಿನ ತಾಪ 7 ಡಿಗ್ರಿ ದಾಟಿದ ಮೇಲೆ ನೀವೇ ಮುಚ್ಚಬೇಕು. ತೊಂಬತ್ತರ ದಶಕದ ಕೆಲವು ವ್ಯಾನುಗಳಲ್ಲಿರುವ ಹಳೆಯ ವಾಲ್ವು ವಿದ್ಯುತ್ ಇದ್ದಷ್ಟು ಹೊತ್ತು ಮಾತ್ರ ಮುಚ್ಚಿಕೊಂಡಿರುತ್ತದೆ, ಮುಖ್ಯ ಸ್ವಿಚ್ ಆರಿಸಿದರೆ ತೆರೆದುಕೊಳ್ಳುತ್ತದೆ. ಏಪ್ರಿಲ್ ರಾತ್ರಿಗಳಲ್ಲಿ ನಿಮ್ಮಲ್ಲಿ ತಾಪ 3 ಡಿಗ್ರಿಗೆ ಇಳಿಯುವುದು ಅಪರೂಪವೇನಲ್ಲ. ಪಂಪು ಎಡೆಬಿಡದೆ ಓಡುತ್ತಿದೆ, ಒಳಗೆಲ್ಲೂ ನೀರು ಕಾಣುತ್ತಿಲ್ಲ ಎಂದಾದರೆ ಬಗ್ಗಿ ವ್ಯಾನಿನ ಅಡಿ ನೋಡಿ.

ತಣ್ಣೀರೂ ಉಗುಳುತ್ತಿದ್ದರೆ ಮುಂದಕ್ಕೆ ಓದಿ.

ಗಾಳಿ ಎಲ್ಲಿಂದ ನುಗ್ಗುತ್ತಿದೆ

ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚು ಬಿಟ್ಟು ಕಣ್ಣಾರೆ ನೀರಿನ ಮಟ್ಟ ನೋಡಿ. ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ನೀರಿನ ಮಟ್ಟ ತೋರಿಸುವ ದೀಪಗಳನ್ನು ನಂಬಬೇಡಿ. ಟ್ಯಾಂಕಿನೊಳಗೆ ಮಟ್ಟ ಅಳೆಯುವ ಸ್ಟೀಲ್ ಕಡ್ಡಿಗಳಿಗೆ ಗಡಸು ನೀರಿನ ಸುಣ್ಣ ಕಟ್ಟಿಕೊಂಡರೆ ಅವು ಸುಳ್ಳು ಮಟ್ಟ ತೋರಿಸುತ್ತವೆ. ಪಂಪಿಗೆ ಹೋಗುವ ಪೈಪಿನ ಬಾಯಿ ಟ್ಯಾಂಕಿನ ತಳದಿಂದ ಒಂದೆರಡು ಸೆಂಟಿಮೀಟರ್ ಮೇಲಿರುವುದುಂಟು. ಆದ್ದರಿಂದ ತಳದಲ್ಲಿ ಸ್ವಲ್ಪ ನೀರಿದ್ದರೆ ಸಾಲದು, ವ್ಯಾನ್ ಓರೆಯಾಗಿ ನಿಂತಿದ್ದರೆ ಇನ್ನೂ ಹೆಚ್ಚು ಬೇಕು. ಪರೀಕ್ಷೆಗೆ ಅರ್ಧ ಟ್ಯಾಂಕಾದರೂ ತುಂಬಿಸಿಕೊಳ್ಳಿ.

ಈಗ ಪಂಪಿನ ಒಳಬಾಯಿಯ ಕಡೆ ಬನ್ನಿ. ಊರಿನ ಹೊಲದ ಪಂಪ್‌ಸೆಟ್ಟಿನಲ್ಲಿ ಸಕ್ಷನ್ ಪೈಪಿನ ಒಂದು ಜಾಯಿಂಟ್ ಸಡಿಲವಾದರೂ ಮೋಟಾರು ಬರಿದೆ ಓಡುತ್ತದಲ್ಲ, ಇಲ್ಲಿಯೂ ನಡೆಯುವುದು ಅದೇ. ಈ ಕಡೆಯ ದೋಷ ಸುಲಭಕ್ಕೆ ಕಣ್ಣಿಗೆ ಬೀಳದಿರುವುದಕ್ಕೆ ಕಾರಣವಿದೆ. ಟ್ಯಾಂಕು ಪಂಪಿಗಿಂತ ಎತ್ತರದಲ್ಲಿದ್ದರೆ ಬಿರುಕಿನಿಂದ ನೀರು ತೊಟ್ಟಿಕ್ಕುತ್ತದೆ, ಗೊತ್ತಾಗುತ್ತದೆ. ಟ್ಯಾಂಕು ಕೆಳಗಿದ್ದರೆ ಒಂದು ಹನಿಯೂ ಸೋರುವುದಿಲ್ಲ, ಬಿರುಕು ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ ಅಷ್ಟೆ. ಎಲ್ಲ ಒಣಗಿದೆ, ಎಲ್ಲೂ ಸೋರಿಕೆ ಇಲ್ಲ ಎಂದು ಸಮಾಧಾನಪಟ್ಟುಕೊಂಡು ಪಂಪನ್ನು ದೂರುವುದು ಹೀಗೆ.

ಮೊದಲ ಶಂಕಿತ ಫಿಲ್ಟರಿನ ಬಟ್ಟಲು. ಪಂಪಿನ ಒಳಬಾಯಿಗೆ ನೇರವಾಗಿ ಸಿಕ್ಕಿಸಿರುವ, ಒಳಗೆ ಸ್ಟೀಲ್ ಜಾಲರಿ ಇರುವ, ಪಾರದರ್ಶಕ ಮುಚ್ಚಳದ ಪುಟ್ಟ ಭಾಗ ಇದು. ಪಂಪಿನ ಸ್ವಿಚ್ ಆರಿಸಿ, ಕೆಳಗೆ ಬಟ್ಟೆ ಹಾಸಿ ಬಿಚ್ಚಿ. ಟ್ಯಾಂಕು ಎತ್ತರದಲ್ಲಿದ್ದರೆ ಮೊದಲು ನೀರು ಖಾಲಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಬಿಚ್ಚಿದ ಕ್ಷಣ ಟ್ಯಾಂಕಿನ ನೀರೆಲ್ಲ ಸೀಟಿನ ಪೆಟ್ಟಿಗೆಯೊಳಗೆ ಇಳಿಯುತ್ತದೆ. ಬಿಚ್ಚಿದ ಮುಚ್ಚಳವನ್ನು ಒಣಗಿಸಿ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಹಿಮಕ್ಕೆ ಒಡೆದ ಬಿರುಕು ಕೂದಲೆಳೆಯಷ್ಟು ಬಿಳಿ ಗೆರೆಯಾಗಿ ಕಾಣುತ್ತದೆ, ಹೆಚ್ಚಾಗಿ ಥ್ರೆಡ್ಡಿನ ಬುಡದಲ್ಲಿ. ಉಗುರು ಎಳೆದರೆ ತಡೆಯುತ್ತದೆ. ಇದಕ್ಕೆ ಅಂಟು ಹಚ್ಚಿ ಉಳಿಸಿಕೊಳ್ಳುವ ಆಸೆ ಬೇಡ, ಹೊಸ ಫಿಲ್ಟರ್ ಪಂಪಿನ ಬೆಲೆಯ ಸಣ್ಣ ಪಾಲಿಗೆ ಸಿಗುತ್ತದೆ. ಬಿರುಕಿಲ್ಲದಿದ್ದರೆ ಓ-ರಿಂಗ್ ನೋಡಿ. ದುಂಡಗಿರಬೇಕಾದ ರಬ್ಬರ್ ಚಪ್ಪಟೆಯಾಗಿದ್ದರೆ ಬದಲಿಸಿ. ಗಟ್ಟಿಯಾಗಿರದೆ ಬರೀ ಒಣಗಿದ್ದರೆ ಕುಡಿಯುವ ನೀರಿಗೆ ಬಳಸಬಹುದಾದ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ವ್ಯಾಸಲೀನ್ ಅಥವಾ ಎಂಜಿನ್ ಗ್ರೀಸ್ ಬೇಡ, ಅವು ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತವೆ. ಮುಚ್ಚಳವನ್ನು ಕೈಯಲ್ಲೇ ಬಿಗಿ ಮಾಡಿ, ಪ್ಲಾಯರ್ ಹಾಕಬಾರದು.

ಎರಡನೆಯದು ಹೋಸ್ ಪೈಪು. ಮೂವತ್ತು ವರ್ಷದ ಪಿವಿಸಿ ಪೈಪು ಕ್ಲಿಪ್ಪಿನ ಅಡಿಯಲ್ಲಿ ಕಲ್ಲಾಗಿರುತ್ತದೆ. ಕ್ಲಿಪ್ಪನ್ನು ಎಷ್ಟು ಬಿಗಿದರೂ ಗಟ್ಟಿಯಾದ ಪೈಪು ಮೂತಿಗೆ ಕಚ್ಚಿಕೊಳ್ಳುವುದಿಲ್ಲ, ಹೆಚ್ಚು ಬಿಗಿದರೆ ಕ್ಲಿಪ್ಪಿನ ಅಂಚೇ ಪೈಪನ್ನು ಕತ್ತರಿಸುತ್ತದೆ. ಪೈಪಿನ ತುದಿಯಿಂದ 2 ಸೆಂಟಿಮೀಟರ್ ನೇರವಾಗಿ ಕತ್ತರಿಸಿ ತೆಗೆದು, ಉಳಿದ ತುದಿಯನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ ಮೆತ್ತಗೆ ಮಾಡಿ ಮತ್ತೆ ಏರಿಸಿ. ತೆಗೆಯುವಾಗ ತಿರುಚಿ ಎಳೆಯಬೇಡಿ. ಪಂಪಿನ ಪ್ಲಾಸ್ಟಿಕ್ ಮೂತಿ ಮುರಿದರೆ ನಿಜಕ್ಕೂ ಪಂಪು ಕೊಳ್ಳಬೇಕಾಗುತ್ತದೆ. ಬರದಿದ್ದರೆ ಪೈಪನ್ನು ಉದ್ದಕ್ಕೆ ಸೀಳಿ ಬಿಡಿಸಿ. ಪೈಪು ಪೂರ್ತಿ ಬದಲಿಸುವುದಾದರೆ ಒಳಗೆ ನೂಲಿನ ಹೆಣಿಗೆ ಇರುವ, ಕುಡಿಯುವ ನೀರಿಗೆ ಒಪ್ಪಿತವಾದ ಪೈಪನ್ನೇ ತನ್ನಿ. ಬರೀ ಮೆತ್ತನೆಯ ಪೈಪು ಎಳೆತಕ್ಕೆ ಚಪ್ಪಟೆಯಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಅಳತೆ ಊಹಿಸಬೇಡಿ, ಹಳೆಯ ತುಂಡನ್ನು ಜೊತೆಗೆ ಒಯ್ಯಿರಿ. 10 ಮತ್ತು 12 ಮಿಲಿಮೀಟರ್ ಒಳವ್ಯಾಸದವು ಎರಡೂ ಬಳಕೆಯಲ್ಲಿವೆ.

ಬಕೆಟ್ ಪರೀಕ್ಷೆ

ಇಷ್ಟೆಲ್ಲ ಬಿಚ್ಚುವ ಮೊದಲೇ ಪಂಪು ನಿರ್ದೋಷಿ ಹೌದೋ ಅಲ್ಲವೋ ಖಚಿತವಾಗಬೇಕು ಎಂದರೆ ಇದಕ್ಕಿಂತ ನಂಬಿಕಸ್ಥ ಪರೀಕ್ಷೆ ಇಲ್ಲ. ಪಂಪು ಅಂಗಡಿಗೆ ಹೋಗುವ ಮುನ್ನ ಯಾರೂ ಇದನ್ನು ತಪ್ಪಿಸಬಾರದು.

ಸುಮಾರು ಒಂದು ಮೀಟರ್ ಹೊಸ ಪೈಪು, ಎರಡು ಕ್ಲಿಪ್ಪು, ಒಂದು ಬಕೆಟ್ ಶುದ್ಧ ನೀರು ಬೇಕು. ಪಂಪಿನ ಒಳಬಾಯಿಯಿಂದ ಹಳೆಯ ಪೈಪು ಮತ್ತು ಫಿಲ್ಟರ್ ತೆಗೆದು ಹೊಸ ಪೈಪು ಸಿಕ್ಕಿಸಿ, ಇನ್ನೊಂದು ತುದಿ ಬಕೆಟ್ಟಿನಲ್ಲಿ ಮುಳುಗಿರಲಿ. ಹತ್ತಿರದ ತಣ್ಣೀರಿನ ನಲ್ಲಿ ತೆರೆದು ಸ್ವಿಚ್ ಹಾಕಿ. ಆರೋಗ್ಯವಾಗಿರುವ ಡಯಾಫ್ರಾಂ ಪಂಪು ಒಂದು ಮೀಟರ್ ಕೆಳಗಿನ ನೀರನ್ನು ಒಣಗಿದ್ದರೂ ಎತ್ತುತ್ತದೆ, ಅರ್ಧ ನಿಮಿಷದೊಳಗೆ ಸದ್ದು ದಪ್ಪಗಾಗಿ ನೀರು ಬರಬೇಕು. ಅಳೆಯುವುದಾದರೆ ಒಂದು ಲೀಟರಿನ ಬಾಟಲಿ ತುಂಬಲು ಎಷ್ಟು ಸೆಕೆಂಡು ಎಂದು ನೋಡಿ. ನಿಮಿಷಕ್ಕೆ 7 ಲೀಟರ್ ಎಂದು ಬರೆದಿರುವ ಪಂಪಿಗೆ ಸುಮಾರು 9 ಸೆಕೆಂಡು. ಪೈಪು, ನಲ್ಲಿಗಳ ತಡೆ ಸೇರಿ 12 ಸೆಕೆಂಡಾದರೂ ಚಿಂತೆಯಿಲ್ಲ, 20 ದಾಟಿದರೆ ಏನೋ ಇದೆ.

ಬಕೆಟ್ಟಿನಿಂದ ನೀರು ಧಾರಾಳವಾಗಿ ಬಂತೆಂದರೆ ಪಂಪು ಚೆನ್ನಾಗಿದೆ, ಹುಡುಕಬೇಕಾದ್ದು ಟ್ಯಾಂಕಿನಿಂದ ಪಂಪಿನವರೆಗಿನ ದಾರಿ. ಬರಲಿಲ್ಲ ಎಂದರೆ ಓಡುತ್ತಿರುವ ಪಂಪಿನ ಒಳಬಾಯಿಗೆ ಒದ್ದೆ ಹೆಬ್ಬೆರಳು ಒತ್ತಿ ಹಿಡಿಯಿರಿ. ಎಳೆತ ಸ್ಪಷ್ಟವಾಗಿ ಗೊತ್ತಾಗಬೇಕು. ಎಳೆತ ಇಲ್ಲವೆಂದರೆ ಪಂಪಿನೊಳಗಿನ ರಬ್ಬರ್ ವಾಲ್ವುಗಳು ಕೂರುತ್ತಿಲ್ಲ. ಚಳಿಗಾಲ ಪೂರ್ತಿ ಒಣಗಿದ ವಾಲ್ವು ಅಂಟಿಕೊಂಡಿರಬಹುದು. ಒಳಬಾಯಿಗೆ ಉಗುರುಬೆಚ್ಚಗಿನ ನೀರು ಹೊಯ್ದು ಹತ್ತು ನಿಮಿಷ ಬಿಟ್ಟು ಮತ್ತೆ ಓಡಿಸಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಹೋಗದಿದ್ದರೆ ತಲೆ ಬಿಚ್ಚಬಹುದು. ತಲೆಯ ಸುತ್ತಲಿನ ಸ್ಕ್ರೂಗಳನ್ನು ಬಿಚ್ಚಿದರೆ ಮೇಲಿನ ಗೂಡು, ವಾಲ್ವಿನ ತಟ್ಟೆ, ಡಯಾಫ್ರಾಂ ಪದರ ಪದರವಾಗಿ ಬರುತ್ತವೆ. ಪ್ರತಿ ಹಂತಕ್ಕೂ ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಿ, ತಿರುವುಮುರುವಾಗಿ ಕೂರಿಸಿದರೆ ಪಂಪು ಎಳೆಯುವುದಿಲ್ಲ. ವಾಲ್ವಿನ ಕೆಳಗೆ ಸಿಕ್ಕಿಕೊಂಡಿರುವುದು ಬಹಳಷ್ಟು ಸಲ ಟ್ಯಾಂಕಿಗೆ ಯಾವಾಗಲೋ ತೂತು ಕೊರೆದಾಗ ಉಳಿದ ಪ್ಲಾಸ್ಟಿಕ್ ಎಳೆ ಅಥವಾ ಸುಣ್ಣದ ಚೂರು. ಸುಣ್ಣಕ್ಕೆ ಲೀಟರ್ ತಣ್ಣೀರಿಗೆ 20 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ತೊಳೆಯಿರಿ. ಬಿಸಿನೀರಿನಲ್ಲಿ ಮಾಡಬೇಡಿ, ಬಿಸಿಯಲ್ಲಿ ಸಿಟ್ರಿಕ್ ಆಮ್ಲ ಸುಣ್ಣದೊಂದಿಗೆ ಸೇರಿ ಸುಲಭಕ್ಕೆ ಕರಗದ ಇನ್ನೊಂದು ಪದರವನ್ನೇ ಕಟ್ಟುತ್ತದೆ. ಟ್ಯಾಂಕಿಗೆ ಕ್ಲೋರಿನ್ ಮದ್ದು ಹಾಕಿದ್ದರೆ ಅದು ಪೂರ್ತಿ ತೊಳೆದುಹೋಗುವ ತನಕ ಆಮ್ಲವನ್ನು ಹತ್ತಿರ ತರಬಾರದು, ಎರಡೂ ಸೇರಿದರೆ ವಿಷಗಾಳಿ ಏಳುತ್ತದೆ. ಡಯಾಫ್ರಾಂ ಹರಿದಿದ್ದರೆ ಅಥವಾ ತಲೆಯ ಪ್ಲಾಸ್ಟಿಕ್ ಸೀಳಿದ್ದರೆ ಬಿಡಿಭಾಗಗಳ ಕಿಟ್ ವಿಚಾರಿಸಿ, ಹೆಸರಾಂತ ಪಂಪುಗಳಿಗೆ ಸಿಗುತ್ತವೆ. ಮತ್ತೆ ಜೋಡಿಸುವಾಗ ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಸದ್ದು ಇದೆ, ಶಕ್ತಿ ಇಲ್ಲ: ವೋಲ್ಟೇಜ್

ನಿಮ್ಮ ಪಂಪು ಜೋರಾಗಿ ಓಡುತ್ತದೆ ಎಂದಿರುವುದರಿಂದ ಇದು ನಿಮ್ಮಲ್ಲಿ ಮೊದಲ ಅನುಮಾನವಲ್ಲ. ಆದರೂ 1992ರ ವ್ಯಾನಿನಲ್ಲಿ ಇದನ್ನು ಅಳೆಯದೆ ಬಿಡಬಾರದು. ವೋಲ್ಟೇಜ್ ಕಡಿಮೆಯಾದರೆ ಪಂಪು ನಿಲ್ಲುವ ಒತ್ತಡವನ್ನೇ ಮುಟ್ಟಲಾರದೆ, ನಲ್ಲಿ ಮುಚ್ಚಿದ ಮೇಲೂ ಓಡುತ್ತಲೇ ಇರುತ್ತದೆ. ಜನ ಪ್ರೆಶರ್ ಸ್ವಿಚ್ ಕೆಟ್ಟಿದೆ ಎಂದುಕೊಂಡು ಅದನ್ನು ಬದಲಿಸುತ್ತಾರೆ.

ಚಾರ್ಜರ್ ತೆಗೆದು ಎರಡು ಮೂರು ಗಂಟೆಯ ನಂತರ ವ್ಯಾನಿನ ಒಳಗಿನ ಬಳಕೆಗಿರುವ ಬ್ಯಾಟರಿಯ (ಎಂಜಿನಿನದಲ್ಲ) ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ನೋಡಿ. ಲೆಡ್ ಆಸಿಡ್ ಬ್ಯಾಟರಿಯಾದರೆ 12.7 ವೋಲ್ಟ್ ಅಂದರೆ ತುಂಬಿದೆ, 12.2 ಅಂದರೆ ಹೆಚ್ಚುಕಡಿಮೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ. ಆಮೇಲೆ ನಲ್ಲಿ ತೆರೆದು ಪಂಪು ಓಡುತ್ತಿರುವಾಗಲೇ ಎರಡು ಕಡೆ ಅಳೆಯಿರಿ, ಬ್ಯಾಟರಿಯ ತುದಿಗಳಲ್ಲಿ ಮತ್ತು ಪಂಪಿನ ತುದಿಗಳಲ್ಲಿ. ನಿಂತ ಪಂಪಿನಲ್ಲಿ ಅಳೆದರೆ ಏನೂ ತಿಳಿಯುವುದಿಲ್ಲ, ಕರೆಂಟು ಹರಿಯದಿದ್ದಾಗ ತುಕ್ಕು ಹಿಡಿದ ವೈರ್ ಕೂಡ 12 ವೋಲ್ಟ್ ತೋರಿಸುತ್ತದೆ. ಎರಡರ ನಡುವೆ ಅರ್ಧ ವೋಲ್ಟ್‌ಗಿಂತ ಕಡಿಮೆ ವ್ಯತ್ಯಾಸವಿದ್ದರೆ ಒಳ್ಳೆಯದು, ಒಂದು ವೋಲ್ಟ್ ದಾಟಿದರೆ ದಾರಿಯಲ್ಲಿ ಎಲ್ಲೋ ತಡೆಯಿದೆ.

ಅದು ಪ್ಲಸ್ ದಾರಿಯೋ ಮೈನಸ್ ದಾರಿಯೋ ಎಂದೂ ಮೀಟರೇ ಹೇಳುತ್ತದೆ. ಪಂಪು ಓಡುತ್ತಿರಲಿ, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಪಂಪಿನ ಮೈನಸ್ ವೈರಿಗೆ. 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಜಾಯಿಂಟ್ ಬಿಚ್ಚಿ ಮರಳು ಕಾಗದದಿಂದ ಉಜ್ಜಿ ಮತ್ತೆ ಬಿಗಿ ಮಾಡಿ. ಹಾಗೆಯೇ ಪ್ಲಸ್‌ನಿಂದ ಪ್ಲಸ್‌ಗೆ. ಈ ಕಡೆ ಹೆಚ್ಚಿದ್ದರೆ ಫ್ಯೂಸಿನ ಕಚ್ಚುಗಳು, ಕಂಟ್ರೋಲ್ ಪ್ಯಾನೆಲ್ಲಿನ ಸ್ವಿಚ್ಚು, ಹಿಂದಿನ ಮಾಲೀಕರು ವೈರ್ ಜೋಡಿಸಿದ ಕಡೆಗಳು ಹೀಗೆ ಒಂದೊಂದಾಗಿ ಕಡ್ಡಿ ಸರಿಸುತ್ತ ಬನ್ನಿ, ವ್ಯತ್ಯಾಸ ಎಲ್ಲಿ ಹಾರುತ್ತದೋ ಅಲ್ಲೇ ದೋಷ. ಗಾಜಿನ ಫ್ಯೂಸುಗಳಿದ್ದರೆ ಒಳಗಿನ ತಂತಿ ಕಾಣುತ್ತಿದೆ ಎಂದು ಬಿಟ್ಟುಬಿಡಬೇಡಿ, ತುದಿಯ ಟೋಪಿ ಕಪ್ಪಾಗಿ ಸಂಪರ್ಕ ತಪ್ಪಿರುತ್ತದೆ.

ಕೆಲವು ಸಲ ದೋಷ ಜಾಯಿಂಟಿನದಲ್ಲ, ವೈರೇ ತೆಳ್ಳಗೆ. ಬ್ಯಾಟರಿಯಿಂದ ಪಂಪಿಗೆ 5 ಮೀಟರ್ ದೂರ, ಹೋಗಿ ಬರುವ ದಾರಿ 10 ಮೀಟರ್ ಎಂದುಕೊಳ್ಳಿ. 1 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ 5 ಆಂಪಿಯರ್ ಹರಿದರೆ ಸುಮಾರು 0.9 ವೋಲ್ಟ್ ದಾರಿಯಲ್ಲೇ ಖರ್ಚಾಗುತ್ತದೆ, 2.5 ಚದರ ಮಿಲಿಮೀಟರ್ ಆದರೆ 0.35. ಹೊಸ ವೈರ್ ಎಳೆಯುವುದಾದರೆ 2.5ನ್ನೇ ಎಳೆಯಿರಿ. ಫ್ಯೂಸು ಮಾತ್ರ ಪಂಪಿನ ಲೇಬಲ್ಲಿನಲ್ಲಿ ಎಷ್ಟಿದೆಯೋ ಅಷ್ಟೇ ಇರಲಿ. ಪದೇಪದೇ ಹಾರುತ್ತದೆ ಎಂದು ದೊಡ್ಡದು ಹಾಕುವುದು ಮರದ ಹಲಗೆಗಳ ನಡುವೆ ಬೆಂಕಿಗೆ ದಾರಿ ಮಾಡಿಕೊಟ್ಟಂತೆ.

ಪಂಪು ಪೂರ್ತಿ ಸತ್ತಂತಿದ್ದರೆ ಏನು ಮಾಡಬೇಕು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ. ಬಹಳ ಹೊತ್ತು ಓಡಿದ್ದರೆ ಮೊದಲು ಅರ್ಧ ಗಂಟೆ ತಣ್ಣಗಾಗಲು ಬಿಡಿ. ಕೆಲವು ಪಂಪುಗಳ ಮೋಟಾರಿನಲ್ಲಿ ಬಿಸಿಯಾದರೆ ನಿಲ್ಲಿಸುವ ರಕ್ಷಣೆ ಇದ್ದು, ತಣಿದ ಮೇಲೆ ತಾನಾಗಿ ಎಚ್ಚರಗೊಳ್ಳುತ್ತವೆ. ಆಮೇಲೂ ಓಡದಿದ್ದರೆ ಫ್ಯೂಸ್ ಇರುವ ಜೋಡಿ ವೈರಿನಿಂದ ಬ್ಯಾಟರಿಯಿಂದ ನೇರ ಪಂಪಿಗೆ ಕರೆಂಟು ಕೊಡಿ. ಓಡಿತೆಂದರೆ ದೋಷ ವ್ಯಾನಿನ ವೈರಿಂಗಿನದು. ಓಡದಿದ್ದರೆ ನಲ್ಲಿ ತೆರೆದಿಟ್ಟು, ತಲೆಯಲ್ಲಿರುವ ಪ್ರೆಶರ್ ಸ್ವಿಚ್ಚಿನ ಎರಡು ತುದಿಗಳನ್ನು ಸಣ್ಣ ತಂತಿಯಿಂದ ಎರಡು ಸೆಕೆಂಡು ಕೂಡಿಸಿ. ಆಗ ಓಡಿದರೆ ಸ್ವಿಚ್ಚು ಮಾತ್ರ ಕೆಟ್ಟಿದೆ. ಹಾಗೆ ಕೂಡಿಸಿಯೇ ಬಳಸುವುದು ಬೇಡ, ನಲ್ಲಿ ಮುಚ್ಚಿದಾಗ ಪಂಪನ್ನು ನಿಲ್ಲಿಸುವವರು ಯಾರೂ ಇರುವುದಿಲ್ಲ, ಪೈಪು ಕಿತ್ತುಬರುತ್ತದೆ.

ರಾತ್ರಿಯ ಸದ್ದು

ಇದನ್ನು ಉಪೇಕ್ಷೆ ಮಾಡಬೇಡಿ. ನಿದ್ದೆ ಕೆಡುವುದು ಸಣ್ಣ ವಿಷಯ. ಹಳೆಯ ಕ್ಯಾಂಪರಿನ ನೆಲ ಮರದ ಚೌಕಟ್ಟಿನ ಮೇಲಿನ ಪ್ಲೈವುಡ್, ನಡುವೆ ಥರ್ಮೋಕೋಲಿನಂಥ ಹಲಗೆ. ಅದರೊಳಗೆ ಇಳಿದ ನೀರು ಹೊರಬರಲು ದಾರಿಯಿಲ್ಲದೆ ವರ್ಷಗಟ್ಟಲೆ ಕೊಳೆಸುತ್ತದೆ. ಪಂಪಿನ ಬೆಲೆ ಅದರ ಮುಂದೆ ಏನೇನೂ ಅಲ್ಲ.

ಎಷ್ಟು ಹೊತ್ತಿಗೊಮ್ಮೆ ಎಂದು ಮೊದಲು ಗಮನಿಸಿ. ಸಂಜೆ ನೀರು ಕಾಯಿಸಿದ್ದು, ರಾತ್ರಿ ಒಂದೆರಡು ಸಲ ಮಾತ್ರ ಸದ್ದಾಗಿದ್ದರೆ ಸೋರಿಕೆ ಇಲ್ಲದೆಯೂ ಹಾಗಾಗಬಹುದು. ಬಿಸಿನೀರು ತಣಿಯುವಾಗ ಕುಗ್ಗುತ್ತದೆ, ಒತ್ತಡ ಇಳಿಯುತ್ತದೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಆಗುತ್ತಿದ್ದರೆ ಅದು ಸೋರಿಕೆಯೇ.

ಒಳಗೋ ಹೊರಗೋ ಎಂದು ತೀರ್ಮಾನಿಸಲು ಪಂಪಿನ ಹೊರಬಾಯಿಯನ್ನು ಮುಚ್ಚಬೇಕು. ಸ್ವಿಚ್ ಆರಿಸಿ, ನಲ್ಲಿ ತೆರೆದು ಒತ್ತಡ ಬಿಟ್ಟು, ಹೊರಬಾಯಿಯ ಪೈಪು ತೆಗೆದು ಅಲ್ಲಿಗೆ ಸರಿಯಾದ ಥ್ರೆಡ್ಡಿನ ಮುಚ್ಚಳ ಬಿಗಿಯಿರಿ, ಹೆಚ್ಚಿನ ಪಂಪುಗಳಲ್ಲಿ ಅದು ಅರ್ಧ ಇಂಚಿನದು. ಹಳೆಯ ಪೈಪನ್ನು ಮಡಚಿ ಹಿಡಿದು ಪರೀಕ್ಷಿಸುವುದು ಸುಲಭ ಎನಿಸಬಹುದು, ಆದರೆ ಗಟ್ಟಿಯಾದ ಪೈಪು ಮಡಚಿದಲ್ಲೇ ಸೀಳುತ್ತದೆ. ಈಗ ಸ್ವಿಚ್ ಹಾಕಿ. ಪಂಪು ಕ್ಷಣ ಓಡಿ ನಿಲ್ಲುತ್ತದೆ. ಅರ್ಧ ಗಂಟೆ ಮೌನವಾಗಿದ್ದರೆ ಸೋರಿಕೆ ಮುಂದಿನ ಪೈಪುಗಳಲ್ಲಿದೆ. ಮತ್ತೆ ಮತ್ತೆ ಓಡಿದರೆ ನೀರನ್ನು ಹಿಂದಕ್ಕೆ ಹೋಗದಂತೆ ತಡೆಯಬೇಕಾದ ಪಂಪಿನ ಚೆಕ್ ವಾಲ್ವೇ ಅದನ್ನು ಟ್ಯಾಂಕಿಗೆ ಹಿಂದಕ್ಕೆ ಬಿಡುತ್ತಿದೆ, ಮೇಲೆ ಹೇಳಿದಂತೆ ತಲೆ ಬಿಚ್ಚಿ ಶುಚಿ ಮಾಡಬೇಕು.

ಮುಂದಿನ ಪೈಪುಗಳಲ್ಲಿ ಹುಡುಕಲು ಟಾಯ್ಲೆಟ್ ಪೇಪರಿಗಿಂತ ಒಳ್ಳೆಯ ಉಪಕರಣವಿಲ್ಲ. ಪ್ರತಿ ಜಾಯಿಂಟನ್ನು ಒಣಬಟ್ಟೆಯಿಂದ ಒರೆಸಿ, ಕೆಳಗೆ ಒಂದೊಂದು ತುಂಡು ಸುತ್ತಿ, ಪಂಪು ಹಾಕಿ ಒಂದು ಗಂಟೆ ಬಿಡಿ. ಒಂದೇ ಹನಿ ಬಿದ್ದರೂ ಕಾಗದ ಕಲೆಯಾಗುತ್ತದೆ. ಕಡ್ಡಾಯವಾಗಿ ನೋಡಬೇಕಾದ ಜಾಗಗಳು ಸಿಂಕಿನ ನಲ್ಲಿಯ ಬುಡ, ಶವರಿನ ನಲ್ಲಿ, ಬಾಯ್ಲರಿಗೆ ಹೋಗುವ ಬರುವ ಎರಡು ಜಾಯಿಂಟು, ಟಾಯ್ಲೆಟ್ ಫ್ಲಶ್ ಇದೇ ಟ್ಯಾಂಕಿಗೆ ಸೇರಿದ್ದರೆ ಅದರ ವಾಲ್ವು. ಒಂದೇ ಹಿಡಿಯ ಮಿಕ್ಸರ್ ನಲ್ಲಿಗಳಲ್ಲಿ ಒಳಗಿನ ಕಾರ್ಟ್ರಿಡ್ಜ್ ಹಿಮಕ್ಕೆ ಒಡೆಯುವುದು ಹೆಚ್ಚು, ನೀರು ಸಿಂಕಿನೊಳಕ್ಕೆ ಬೀಳದೆ ಹಲಗೆಯ ಕೆಳಗೆ ಇಳಿಯುತ್ತದೆ. ನಿಮ್ಮ ಸಂದರ್ಭದಲ್ಲಿ ನಾವು ಮೊದಲು ಕೈ ಹಾಕುವುದು ಅಲ್ಲಿಗೇ.

ದೋಷ ಸಿಗುವ ತನಕ ಮಲಗುವಾಗ, ವ್ಯಾನ್ ಬಿಟ್ಟು ಹೊರಡುವಾಗ ಪಂಪಿನ ಸ್ವಿಚ್ ಆರಿಸಿ. ಸರಿಯಾದ ಮೇಲೂ ಈ ಅಭ್ಯಾಸ ಬಿಡಬೇಡಿ. ಒಂದು ಕ್ಲಿಪ್ಪು ಜಾರಿದರೆ ಡಯಾಫ್ರಾಂ ಪಂಪು ಟ್ಯಾಂಕಿನಲ್ಲಿರುವಷ್ಟೂ ನೀರನ್ನು ನಿಷ್ಠೆಯಿಂದ ನೆಲಕ್ಕೆ ಸುರಿಯುತ್ತದೆ.

ಮುಳುಗು ಪಂಪು ಇರುವವರಿಗೆ

ಈ ಉತ್ತರ ಓದುವ ಬೇರೆಯವರ ವ್ಯಾನಿನಲ್ಲಿ ಟ್ಯಾಂಕಿನೊಳಗಿನ ಪಂಪು ಇರಬಹುದು. ಓಡುತ್ತದೆ, ನೀರಿಲ್ಲ ಎಂದರೆ ಹೆಚ್ಚಾಗಿ ಏರ್ ಹಿಡಿದಿರುತ್ತದೆ. ಟ್ಯಾಂಕಿಗೆ ಕೈ ಹಾಕಿ ಪಂಪನ್ನು ನೀರಿನೊಳಗೇ ಓರೆ ಮಾಡಿ ಅಲುಗಿಸಿ, ಗುಳ್ಳೆ ಹೊರಟರೆ ಸರಿಹೋಗುತ್ತದೆ. ಓಡುವುದೇ ಇಲ್ಲ ಎಂದರೆ ನಲ್ಲಿಯ ಮೈಕ್ರೋಸ್ವಿಚ್ಚಿನ ಎರಡು ವೈರ್ ಕೂಡಿಸಿ ನೋಡಿ. ಒಂದು ನಲ್ಲಿಯಲ್ಲಿ ಓಡಿ ಇನ್ನೊಂದರಲ್ಲಿ ಓಡದಿದ್ದರೆ ಪಂಪಿನದು ತಪ್ಪಲ್ಲ. ನಲ್ಲಿ ಮುಚ್ಚಿದರೂ ನಿಲ್ಲದಿದ್ದರೆ ಯಾವುದೋ ಸ್ವಿಚ್ಚಿಗೆ ನೀರು ಇಳಿದಿದೆ. ಮುಳುಗು ಪಂಪುಗಳನ್ನು ನೀರಿಲ್ಲದೆ ಓಡಿಸಬಾರದು, ಕೆಲವೇ ಸೆಕೆಂಡುಗಳ ಒಣ ಓಟಕ್ಕೆ ಒಳಗಿನ ಸೀಲು ಸವೆಯಲು ಶುರುವಾಗುತ್ತದೆ. ಬದಲಿಸಿದ ಮೇಲೆ ಧಾರೆ ಸಣ್ಣಗಿದ್ದರೆ ಎರಡು ವೈರ್ ಅದಲುಬದಲು ಮಾಡಿ ನೋಡಿ, ಹಿಮ್ಮುಖವಾಗಿ ತಿರುಗುವ ಪಂಪು ಸದ್ದು ಮಾಡುತ್ತದೆ, ನೀರನ್ನು ಸರಿಯಾಗಿ ತಳ್ಳುವುದಿಲ್ಲ. ವೈರಿನ ಜಾಯಿಂಟು ನೀರಿನ ಮಟ್ಟಕ್ಕಿಂತ ಮೇಲಿರಲಿ, ಅದರ ಮೇಲೆ ಒಳಬದಿಗೆ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಇನ್ಸುಲೇಷನ್ ಟೇಪು ನಿಲ್ಲುವುದಿಲ್ಲ.

ಪಂಪು ಕೊಳ್ಳಲೇಬೇಕಾದರೆ

ಬಕೆಟ್ ಪರೀಕ್ಷೆಯಲ್ಲಿ ಸೋತು, ತಲೆ ಬಿಚ್ಚಿದರೂ ಸರಿಯಾಗದಿದ್ದರೆ ಕೊಳ್ಳಿ. ಹಳೆಯದರ ಲೇಬಲ್ಲಿನಲ್ಲಿರುವ ನಿಲ್ಲುವ ಒತ್ತಡವನ್ನೇ ಹೊಸದಕ್ಕೂ ಕೇಳಿ. ಶವರು ಜೋರಾಗಿ ಬರಲಿ ಎಂದು 1.4 ಬಾರಿನ ಜಾಗಕ್ಕೆ 2.8 ಬಾರಿನದನ್ನು ಹಾಕಿದರೆ ಮೂವತ್ತು ವರ್ಷದ ಜಾಯಿಂಟುಗಳು ಒಂದೊಂದಾಗಿ ಬಿಡುತ್ತವೆ. ಬಾಯ್ಲರಿನ ಲೇಬಲ್ಲಿನಲ್ಲಿ ಗರಿಷ್ಠ ಒತ್ತಡ ಬರೆದಿರುತ್ತದೆ, ಅದನ್ನೂ ಮೀರಬಾರದು. ಹೊಸ ಪಂಪಿನ ಜೊತೆಗೆ ಹೊಸ ಫಿಲ್ಟರ್ ಹಾಕಿ, ಫಿಲ್ಟರ್ ಇಲ್ಲದೆ ಓಡಿಸಿ ವಾಲ್ವಿಗೆ ಕಸ ಸಿಕ್ಕಿದರೆ ಗ್ಯಾರಂಟಿ ಕೊಡುವುದಿಲ್ಲ. ಅಡಿಯ ರಬ್ಬರ್ ಕಾಲುಗಳನ್ನು ಹಿಂಡಿಹೋಗುವಷ್ಟು ಸ್ಕ್ರೂ ಬಿಗಿಯಬೇಡಿ, ಸದ್ದು ಹಲಗೆಗೆ ಇಳಿಯದಿರಲೆಂದೇ ಅವು ಇರುವುದು. ನಲ್ಲಿ ಸಣ್ಣಗೆ ಬಿಟ್ಟಾಗ ಪಂಪು ಕ್ಷಣಕ್ಷಣಕ್ಕೂ ಹೊತ್ತಿ ಆರುವುದು ಕಿರಿಕಿರಿಯಾದರೆ ಹೊರಬಾಯಿಯ ಕಡೆ ಅರ್ಧದಿಂದ ಒಂದು ಲೀಟರಿನ ಅಕ್ಯುಮುಲೇಟರ್ (ಒತ್ತಡ ಹಿಡಿದಿಡುವ ಪುಟ್ಟ ಟ್ಯಾಂಕು) ಸೇರಿಸಿ. ಪ್ರೆಶರ್ ಸ್ವಿಚ್ಚಿನ ಸ್ಕ್ರೂ ತಿರುಗಿಸಿ ಅದನ್ನು ಸರಿಪಡಿಸಲು ಹೊರಡಬೇಡಿ.

ಮುಂದಿನ ನವೆಂಬರ್‌ನಲ್ಲಿ ಟ್ಯಾಂಕು, ಬಾಯ್ಲರ್ ಎರಡರ ನೀರನ್ನೂ ಬಿಡಿ. ಎಲ್ಲ ನಲ್ಲಿಗಳನ್ನೂ ತೆರೆದು, ಮಿಕ್ಸರ್ ಹಿಡಿಯನ್ನು ಬಿಸಿ ತಣ್ಣನೆಯ ನಡುವೆ ನಿಲ್ಲಿಸಿ, ಶವರಿನ ತಲೆಯನ್ನು ನೆಲಕ್ಕೆ ಇಳಿಬಿಡಿ. ನಲ್ಲಿಯಲ್ಲಿ ಬರೀ ಗಾಳಿ ಬರುವ ತನಕ ಪಂಪನ್ನು ಓಡಿಸಿ, ಆಮೇಲೆ ಹತ್ತು ಸೆಕೆಂಡು ಹೆಚ್ಚು. ಡಯಾಫ್ರಾಂ ಪಂಪಿಗೆ ಅಷ್ಟು ಒಣ ಓಟದಿಂದ ತೊಂದರೆಯಿಲ್ಲ. ಕೊನೆಗೆ ಫಿಲ್ಟರಿನ ಬಟ್ಟಲು ಬಿಚ್ಚಿ ನೀರು ಚೆಲ್ಲಿ, ಒಣಗಿಸಿ, ಹೊರಬಾಯಿಯ ಪೈಪನ್ನೂ ಕಳಚಿಡಿ. ನಲ್ಲಿಗಳು ವಸಂತದ ತನಕ ತೆರೆದೇ ಇರಲಿ. ಕಾರಿನ ರೇಡಿಯೇಟರಿಗೆ ಹಾಕುವ ಆಂಟಿಫ್ರೀಜ್ ಅನ್ನು ಯಾವ ಕಾರಣಕ್ಕೂ ಈ ಪೈಪುಗಳಿಗೆ ಹಾಕಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ.